ಬಿಲ್ ಮಾವ

ಆಸ್ಪತ್ರೆಗೆ ನೋಡಲು ಬಂದವರೆಲ್ಲ ರೋಗಿಯ ಮಂಚದ ಕಡೆ ನಡೆದರೆ, ನಮ್ಮ ಮಾವ ನೇರ ಬಿಲ್ಲಿಂಗ್ ಕೌಂಟರಿಗೆ. 'ಹೇಗಿದ್ದಾರೆ?' ಅನ್ನುವ ಮಾತೇ ಇಲ್ಲ, 'ಎಷ್ಟಾಗಿದೆ?' ಇಂಥವರೊಬ್ಬರು ನಿಮ್ಮ ಬಳಗದಲ್ಲೂ ಇದ್ದಾರೆ, ಹುಡುಕಿ. ಬ್ಯಾಂಕಿನಿಂದ ನಿವೃತ್ತಿ ಆಗಿರುತ್ತದೆ, ಎದೆಜೇಬಿನ ಕೆಂಪು ಪೆನ್ನು ಮಾತ್ರ ನಿವೃತ್ತಿ ಆಗಿರುವುದಿಲ್ಲ.

"ಒಟ್ಟು ಮೊತ್ತದ್ದು ಬೇಡಮ್ಮ, ಐಟಂವಾರು ಕೊಡು."

ಹಾಳೆ ಮೇಲೆ ಹಾಳೆ ಪ್ರಿಂಟಾಗಿ ಬರುವಾಗ ಮಾವನ ಮುಖ ಎಲೆಗೆ ಹೋಳಿಗೆ ಬಿದ್ದಂತೆ ಅರಳುತ್ತದೆ. "ಗ್ಲೌಸು ನಲವತ್ತು ಜೊತೆ! ನಮ್ಮಕ್ಕನಿಗೆ ತೆಗೆದದ್ದು ಪಿತ್ತಕೋಶವೋ, ಎಕರೆ ತೋಟದ ಕಳೆಯೋ?" ಆಮೇಲೆ ಸೋದರಳಿಯನಿಗೆ ಪಾಠ. ಗ್ಲೌಸು, ಥರ್ಮಾಮೀಟರು ಇವಕ್ಕೆಲ್ಲ ಸಾಮಾನ್ಯವಾಗಿ ಇನ್ಶೂರೆನ್ಸಿನವರು ಕಾಸು ಬಿಚ್ಚುವುದಿಲ್ಲ. ಒಳಗೇನಿದೆ ಎಂದು ಬರೆಯದ 'ಕಿಟ್' ಅಂತೂ ಕೇಳಲೇಬೇಡಿ. ಇದು ಮಾವನ ಕಲ್ಪನೆಯಲ್ಲ, ಆ ಪಟ್ಟಿ ನಿಜವಾಗಿಯೂ ಇದೆ. ಪಾಲಿಸಿ ಮಾಡಿಸುವಾಗ ಅದನ್ನು ಓದುವ ಏಕೈಕ ಭಾರತೀಯ ಇವರೇ ಇರಬೇಕು.

ಅಷ್ಟು ಓದಿದವರು ಒಂದು ಸಾಲು ದಾಟಿಸಿಬಿಟ್ಟಿದ್ದರು. ಪಾಲಿಸಿ 3 ಲಕ್ಷದ್ದು, ರೂಮಿನ ಬಾಡಿಗೆ ದಿನಕ್ಕೆ ಅದರ ಶೇಕಡಾ 1, ಅಂದರೆ ₹3,000 ಮಾತ್ರ. ಹಿಡಿದದ್ದು ₹6,000ದ ರೂಮು. ಹೆಚ್ಚುವರಿ ಬಾಡಿಗೆಯಷ್ಟೇ ಹೋಗುವುದಾದರೆ ಸರಿ. ಸರ್ಜನ್ ಫೀಸು, ಆಪರೇಷನ್ ಥಿಯೇಟರು, ನರ್ಸಿಂಗು, ಎಲ್ಲವೂ ಅದೇ ಲೆಕ್ಕದಲ್ಲಿ ಅರ್ಧಕ್ಕಿಳಿದವು. ಔಷಧಿ ಬಿಲ್ಲೇನೋ ಬಚಾವು. ಕೆಂಪು ಪೆನ್ನು ಅಲ್ಲಿ ನಿಂತಿತು.

"ಯಾರೋ ಇಷ್ಟು ದೊಡ್ಡ ರೂಮು ತಗೊಂಡಿದ್ದು?"

"ನೀವೇ ಮಾವ. ನೋಡಕ್ಕೆ ಬಂದೋರಿಗೆ ಸೋಫಾ ಬೇಡ್ವಾ ಅಂದ್ರಿ."

ಮಾವ ತಕ್ಷಣ ಸಾಲದ ವಿಷಯಕ್ಕೆ ಹೊರಳಿದರು. "ಕ್ರೆಡಿಟ್ ಕಾರ್ಡ್ ಉಜ್ಜಿ ಮಿನಿಮಮ್ ಕಟ್ಕೊಂಡು ಕೂತೀಯ, ಜೋಕೆ. ತಿಂಗಳಿಗೇ ಶೇಕಡಾ 3ರ ಮೇಲೆ ಬಡ್ಡಿ ಬೀಳತ್ತೆ. ಅದಕ್ಕಿಂತ ಒಡವೆ ಅಡ ಇಡೋದು ಎಷ್ಟೋ ವಾಸಿ." ಸಲಹೆ ಅಪ್ಪಟ ಚಿನ್ನ. ಆದರೆ ಹೇಳುವಾಗ ಅವರ ಕಣ್ಣು ಸೊಸೆಯ ಬಳೆಗಳ ಮೇಲಿದ್ದದ್ದರಿಂದ ಆಕೆ ಸೆರಗು ಹೊದ್ದುಕೊಂಡಳು. ಮಾವ ಸಾಲ ಕೊಡುವವರಲ್ಲ. ಎಲ್ಲಿ ಸಿಗುತ್ತದೆಂದು ಹೇಳುವವರು. ಎಲ್ಲ ಬಳಗಕ್ಕೂ ಈ ಎರಡು ಜಾತಿಯವರೂ ಬೇಕು, ಸಿಗುವುದು ಎರಡನೆಯವರು.

ಡಿಸ್ಚಾರ್ಜಿಗೆ ಗಡಿಯಾರ ಹಿಡಿದು ನಿಂತರು. 2024ರಲ್ಲಿ ಬಂದ ನಿಯಮ: ಆಸ್ಪತ್ರೆಯ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ಇನ್ಶೂರೆನ್ಸಿನವರು ಒಪ್ಪಿಗೆ ಕೊಡಬೇಕು, ತಡವಾಗಿ ಆಸ್ಪತ್ರೆ ಹೆಚ್ಚಿಗೆ ಕೇಳಿದರೆ ಅದು ಕಂಪನಿಯ ತಲೆಗೇ. ಈ ಪಾಠವನ್ನು ಕೌಂಟರಿನ ಹುಡುಗಿಗೆ, ಸೆಕ್ಯುರಿಟಿಯವನಿಗೆ, ಲಿಫ್ಟಿನಲ್ಲಿ ಸಿಕ್ಕ ಇನ್ಯಾರದೋ ಬಾಣಂತಿಯ ತಾಯಿಗೆ ಒಪ್ಪಿಸಿದರು. ಆಕೆ ಬರೆದುಕೊಂಡಳು, ಪಾಪ.

ಕೊನೆಗೂ ಬೇಟೆ ಬಿತ್ತು. ಆಪರೇಷನ್ ದಿನ ಅಕ್ಕನಿಗೆ ಹನಿ ನೀರೂ ಕೊಟ್ಟಿರಲಿಲ್ಲ. ಬಿಲ್ಲಿನಲ್ಲಿ ಊಟದ ಬಾಬ್ತು ₹380! ಕೌಂಟರಿನವರು ತೆಪ್ಪಗೆ ತೆಗೆದುಹಾಕಿದರು. ಮಾವ ವಿಜಯೋತ್ಸಾಹದಲ್ಲಿ ಎಲ್ಲರನ್ನೂ ಕ್ಯಾಂಟೀನಿಗೆ ಕರೆದೊಯ್ದು, ತಲೆಗೊಂದು ಮಸಾಲೆ ದೋಸೆ, ಮೇಲೊಂದು ಕಾಫಿ ಹೇಳಿದರು.

ಆ ಬಿಲ್ಲು ಬರುವ ಹೊತ್ತಿಗೆ ಮಾವ ಕೈ ತೊಳೆಯಲು ಹೋಗಿದ್ದರು.