ಬಾಡದ ಹೂವಿನ ಬವಣೆ

ಹೂವು ಎಂದ ಮೇಲೆ ಬಾಡಬೇಕು. ಬೆಳಿಗ್ಗೆ ದೇವರ ಮುಡಿಯಲ್ಲಿ, ಸಂಜೆ ಹೆಂಗಸರ ಜಡೆಯಲ್ಲಿ, ಮರುದಿನ ಗಿಡದ ಬುಡದಲ್ಲಿ. ಇದು ಹೂವಿನ ಮರ್ಯಾದಸ್ಥ ಜೀವನಕ್ರಮ. ನಿನ್ನೆಯದು ನಿರ್ಮಾಲ್ಯವಾಗಿ ಎದ್ದು ಹೋದರೇ ಇಂದಿನದಕ್ಕೆ ಜಾಗ. ತಲೆತಲಾಂತರದಿಂದ ನಡೆದು ಬಂದ ಈ ಏರ್ಪಾಟನ್ನು ನಮ್ಮ ಮನೆಯಲ್ಲಿ ಕೆಡಿಸಿದವನು ನಾನು. ನಾನು ಮಾಡುವುದು ಕಾಗದದ ಹೂವು. ಅದು ಬಾಡುವುದಿಲ್ಲ, ಉದುರುವುದಿಲ್ಲ, ಒಮ್ಮೆ ಹುಟ್ಟಿತೆಂದರೆ ಮನೆ ಬಿಟ್ಟು ಹೋಗುವ ಮಾತೇ ಆಡುವುದಿಲ್ಲ. ಬಾಡದ ಹೂವೆಂದು ಇದನ್ನು ಹೊಗಳುವವರೆಲ್ಲ ಬೇರೆಯವರ ಮನೆಯಲ್ಲಿ ಇದನ್ನು ನೋಡಿದವರು.

ಬ್ಯಾಂಕಿನಿಂದ ನಿವೃತ್ತನಾದಾಗ ಎಲ್ಲರದೂ ಒಂದೇ ಮಾತು: ಏನಾದರೂ ಹವ್ಯಾಸ ಇಟ್ಟುಕೊಳ್ಳಿ. ನನ್ನ ಆರೋಗ್ಯದ ಮೇಲಿನ ಕಾಳಜಿಯಿಂದ ಹೇಳುತ್ತಿದ್ದಾರೆ ಎಂದುಕೊಂಡಿದ್ದೆ. ಅವರ ಕಾಳಜಿಯೆಲ್ಲ ನನ್ನಾಕೆಯ ಆರೋಗ್ಯದ ಮೇಲೆ ಎಂದು ಆಮೇಲೆ ತಿಳಿಯಿತು. ಕುಕ್ಕರ್ ಎಷ್ಟು ಸಲ ಕೂಗಿತು ಎಂದು ನಾನು ಹಾಲಿನಲ್ಲಿ ಕೂತೇ ಲೆಕ್ಕ ಇಡಲು ಶುರು ಮಾಡಿದ್ದೆ. ಬೇಳೆ ಡಬ್ಬಿಗಳಿಗೆಲ್ಲ ತೂಕ, ತಾರೀಖು ಬರೆದು ಚೀಟಿ ಅಂಟಿಸಿದ್ದೆ. ಬೆಂಗಳೂರಿನಿಂದ ಬಂದ ಮಗಳು ಅಮ್ಮನ ಮುಖವನ್ನೂ ಡಬ್ಬಿಯ ಚೀಟಿಯನ್ನೂ ನೋಡಿದಳು. ಮುಂದಿನ ಸಲ ಬರುವಾಗ ಕ್ರೇಪ್ ಪೇಪರಿನ ಸುರುಳಿ, ಹಸಿರು ಟೇಪು, ಕತ್ತರಿ ತಂದು ನನ್ನ ಮುಂದಿಟ್ಟು, "ಕೈಗೆ ಕೆಲಸ ಇರುತ್ತೆ ಅಪ್ಪ" ಎಂದಳು. ಬಾಯಿಯ ವಿಚಾರ ಯಾರೂ ಎತ್ತಲಿಲ್ಲ.

ಕ್ರೇಪ್ ಪೇಪರಿಗೆ ತನ್ನದೇ ಸ್ವಭಾವವಿದೆ. ಅದರ ಮೈಮೇಲೆ ಸಣ್ಣ ಸಣ್ಣ ನಿರಿಗೆಗಳು ಒಂದೇ ದಿಕ್ಕಿಗೆ ಓಡುತ್ತವೆ. ನಿರಿಗೆ ಎಸಳಿನ ಬುಡದಿಂದ ತುದಿಗೆ ಹೋಗುವ ಹಾಗೆ ಕತ್ತರಿಸಬೇಕು. ಆಮೇಲೆ ಎರಡೂ ಹೆಬ್ಬೆರಳನ್ನು ಎಸಳಿನ ನಡುವೆ ಒತ್ತಿ ಅಕ್ಕಪಕ್ಕಕ್ಕೆ ಮೆಲ್ಲಗೆ ಎಳೆದರೆ ನಿರಿಗೆ ಬಿಚ್ಚಿಕೊಂಡು, ನಡು ತಗ್ಗಾಗಿ, ಕಾಗದಕ್ಕೆ ಬೊಗಸೆಯ ಆಕಾರ ಬರುತ್ತದೆ. ಅಂಚನ್ನು ಬೆರಳ ತುದಿಯಲ್ಲಿ ಹಿಡಿದು ಅಷ್ಟಷ್ಟೇ ಹಿಗ್ಗಿಸಿದರೆ ಅಲೆ ಏಳುತ್ತದೆ. ಅಡ್ಡಕ್ಕೆ ಕತ್ತರಿಸಿದಿರೋ, ಎಷ್ಟು ಗೋಗರೆದರೂ ಬಗ್ಗುವುದಿಲ್ಲ. ಹಟ ಹಿಡಿದು ಎಳೆದರೆ ಹರಿಯುತ್ತದೆ. ಇಷ್ಟನ್ನು ತಿಳಿಯಲು ನಾನು ಸುರುಳಿಗಟ್ಟಲೆ ಕಾಗದ ಹಾಳು ಮಾಡಿದೆ, ಮೊಬೈಲಿನಲ್ಲಿ ರಾತ್ರಿಯೆಲ್ಲ ವಿಡಿಯೋ ನೋಡಿದೆ. ದಿನಾ ಸೀರೆ ಉಡುವ ನನ್ನಾಕೆ ಕಾಗದವನ್ನು ಒಮ್ಮೆ ಕೈಯಲ್ಲಿ ಹಿಡಿದು, "ನಿರಿಗೆ ಮೇಲಿಂದ ಕೆಳಕ್ಕೆ ಬರಬೇಕಲ್ವೇನ್ರೀ" ಎಂದು ಹೇಳಿ ಒಗ್ಗರಣೆ ನೋಡಲು ಹೋದಳು.

ಹಸಿರು ಟೇಪಿನ ಗುಣ ಇನ್ನೂ ವಿಚಿತ್ರ. ಮುಟ್ಟಿ ನೋಡಿದರೆ ಅಂಟೇ ಇಲ್ಲ. ಅದು ಮೇಣ ಹಿಡಿದ ಕಾಗದ. ಎಳೆದಾಗ ಮಾತ್ರ ತನ್ನ ಮೈಗೆ ತಾನೇ ಅಂಟಿಕೊಳ್ಳುತ್ತದೆ. ಎಳೆದಷ್ಟೂ ಗಟ್ಟಿ. ಈ ವಿಷಯದಲ್ಲಿ ಅದು ನೆಂಟಸ್ತಿಕೆಗೆ ಪೂರ್ತಿ ತದ್ವಿರುದ್ಧ.

ಕೈ ಕುದುರಿದ ಮೇಲೆ ಇಲ್ಲಿಯ ತೆಳು ಕಾಗದ ರುಚಿಸದೇ ಹೋಯಿತು. ಇಟಲಿಯಲ್ಲಿ 180 ಗ್ರಾಮಿನದು ಎಂದು ದಪ್ಪ ಕ್ರೇಪ್ ಮಾಡುತ್ತಾರೆ. ಅರ್ಧ ಮೀಟರ್ ಅಗಲ, ಎರಡೂವರೆ ಮೀಟರ್ ಉದ್ದದ ಸುರುಳಿ. ತರಿಸಿಯೇಬಿಟ್ಟೆ. ಅದರ ಬೆಲೆಯನ್ನು ಮನೆಯಲ್ಲಿ ಮಂಡಿಸುವಾಗ ಸಾಲ ವಸೂಲಿ ವಿಭಾಗದಲ್ಲಿ ಕಲಿತ ನಯವಿನಯವೆಲ್ಲ ಖರ್ಚಾಯಿತು. "ಅದೇ ದುಡ್ಡಿಗೆ ಎಷ್ಟು ಮೀಟರ್ ಬ್ಲೌಸ್ ಪೀಸ್ ಬರ್ತಿತ್ತು ಗೊತ್ತಾ?" ಎಂದು ಅವಳೂ ಮೀಟರಿನ ಲೆಕ್ಕದಲ್ಲೇ ಉತ್ತರಿಸಿದಳು.

ಅಂದಿನಿಂದ ಖರ್ಚು ಸರಿದೂಗಿಸಲು ಉಳಿದ ಸಾಮಾನನ್ನು ಮನೆಯೊಳಗೇ ಹುಡುಕಿಕೊಂಡೆ. ದಂಟಿಗೆ ತಂತಿಯ ಬದಲು ಕಡ್ಡಿಪೊರಕೆಯ ಕಡ್ಡಿ, ಗುಲಾಬಿಯ ಒಳಮೊಗ್ಗಿಗೆ ದೇವರ ಬತ್ತಿಯ ಹತ್ತಿ, ಪರಾಗಕ್ಕೆ ಅರಿಶಿನದಲ್ಲಿ ಉಜ್ಜಿದ ರವೆ. ತೋಟ ಬೆಳೆದಂತೆ ಪೊರಕೆ ಸೊರಗಿತು. "ಅಕ್ಕಾ, ಬೇರೆ ಪೊರ್ಕೆ ಕೊಡಿ, ಇದ್ರಲ್ಲಿ ಹಿತ್ಲು ಗುಡಿಸೋಕಾಗಲ್ಲ, ಹಲ್ಲು ಬೇಕಾದ್ರೆ ಉಜ್ಜಬೋದು" ಎಂದು ಕೆಲಸದಾಕೆ ದೂರು ಕೊಟ್ಟಳು. ಇನ್ನು ರವೆ. ಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ ನಾನು ಪರಾಗದ ಡಬ್ಬಿಯೊಂದನ್ನು ಹಾಗೇ ಬಿಟ್ಟಿದ್ದೆ. ಒಂದು ಭಾನುವಾರ ಅದು ಖಾರಾಬಾತಾಗಿ ತಟ್ಟೆಗೆ ಬಂತು. ಬಣ್ಣ ಎಷ್ಟು ಚೆನ್ನಾಗಿ ಕೂತಿದೆ ಎಂದು ಎಲ್ಲರೂ ಕೊಂಡಾಡಿದರು. ಇಡೀ ತೋಟಕ್ಕಾಗುವಷ್ಟು ಪರಾಗವನ್ನು ಮನೆಮಂದಿ ಕೂತು ತಿಂದು, ಮೇಲೆ ಕಾಫಿ ಕುಡಿದೆವು. ನಾನು ಬಾಯಿ ಬಿಡಲಿಲ್ಲ. ಎರಡನೇ ಸಲ ಬಡಿಸಿಕೊಂಡೆ.

ಕಲಾವಿದನಾಗಿ ನನಗೆ ಮೊದಲ ಮನ್ನಣೆ ಸಿಕ್ಕಿದ್ದು ಅಮ್ಮನಿಂದ. ಕೆಂಪು ಗುಲಾಬಿಗಳನ್ನು ಹೂದಾನಿಯಲ್ಲಿ ನಿಲ್ಲಿಸಿ ಮೇಜಿನ ಮೇಲೆ ಇಟ್ಟಿದ್ದೆ. ಮಧ್ಯಾಹ್ನ ಮಲಗಿ ಎದ್ದು ಬಂದರೆ ಅಮ್ಮ ಚೊಂಬು ಹಿಡಿದು ಅವುಗಳ ಮೇಲೆ ನೀರು ಚಿಮುಕಿಸುತ್ತಿದ್ದಾಳೆ! "ಬಾಡ್ತಾ ಇತ್ತು ಕಣೋ" ಎಂದಳು. ಕ್ರೇಪ್ ಪೇಪರಿನ ಬಣ್ಣ ನೀರು ಕಂಡರೆ ನಿಲ್ಲುವ ಜಾತಿಯದಲ್ಲ. ಕೆಂಪು ಮೇಜಿನ ಬಟ್ಟೆಗೆ ಇಳಿದು, ಅಲ್ಲಿಂದ ಅಮ್ಮನ ಸೆರಗು ಹತ್ತಿ, ಒರೆಸಲು ಹೋದ ನನ್ನ ಬಿಳಿ ಪಂಚೆಗೂ ಬಂತು. ನನಗೆ ಅದ್ಯಾವುದರ ಪರಿವೆಯೇ ಇರಲಿಲ್ಲ. ಎಂಬತ್ತು ದಾಟಿದ ಹೆಂಗಸು, ಜೀವಮಾನವಿಡೀ ಹೂವು ಕಟ್ಟಿದ ಕೈ, ನನ್ನ ಕಾಗದವನ್ನು ಹೂವೆಂದೇ ನಂಬಿತ್ತು! ಸಿಕ್ಕಸಿಕ್ಕವರಿಗೆಲ್ಲ ಇದನ್ನು ಹೇಳಿಕೊಂಡು ಬೀಗಿದೆ. ಅಷ್ಟರಲ್ಲಿ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು.

ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದ ಅಮ್ಮ ಮೊದಲು ಗುರುತಿಸಿದ್ದು ಮೂಲೆಯ ಜೇಡರ ಬಲೆ, ಆಮೇಲೆ ನನ್ನ ದಾಸವಾಳ. "ಐದನೇ ಎಸಳು ತಪ್ಪಾಗಿ ಕೂತಿದೆಯಲ್ಲೋ" ಎಂದಳು. ದಾಸವಾಳದ ಐದು ಎಸಳಿನಲ್ಲಿ ಪ್ರತಿಯೊಂದಕ್ಕೂ ಒಂದು ಅಂಚು ಪಕ್ಕದ ಎಸಳಿನ ಮೇಲೆ, ಇನ್ನೊಂದು ಅಂಚು ಆ ಪಕ್ಕದ ಎಸಳಿನ ಕೆಳಗೆ. ಹಾಗೆ ಸುತ್ತಿ ಬಂದು ಕೊನೆಯ ಎಸಳಿನ ಒಂದಂಚು ಮೊದಲನೆಯದರ ಅಡಿಗೆ ತೂರಬೇಕು. ಆ ಹೊತ್ತಿಗೆ ಮೊದಲನೆಯದರ ಅಂಟು ಆರಿರುತ್ತದೆ, ತೂರಿಸಲು ಹೋದರೆ ಕಿತ್ತು ಬರುತ್ತದೆ. ಯಾರು ನೋಡುತ್ತಾರೆ ಎಂದು ಮೇಲೆಯೇ ಕೂರಿಸಿ ಕೈ ತೊಳೆದುಕೊಂಡಿದ್ದೆ. ನಮ್ಮ ಹಿತ್ತಿಲ ದಾಸವಾಳವನ್ನು ಪೂಜೆಗೆ ಕೊಯ್ದು ತರುವವನು ನಾನೇ. ಇಷ್ಟು ವರ್ಷವೂ ಕೊಯ್ದಿದ್ದೆ, ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಕನ್ನಡಕ ಏರಿಸಿ ಗಿಡದ ಮುಂದೆ ಕೂತು ಒಂದೊಂದೇ ಹೂವನ್ನು ಬಿಡಿಸಿ ಪರೀಕ್ಷಿಸಿದೆ. ಎಸಳೆಲ್ಲ ಅಮ್ಮ ಹೇಳಿದ ಹಾಗೆಯೇ ಇದ್ದವು. ನಡುವಿನ ಉದ್ದ ಕಡ್ಡಿಯ ಸುತ್ತ ಹಳದಿ ಕೇಸರ, ಕಡ್ಡಿಯ ತುದಿ ಐದಾಗಿ ಒಡೆದು ಒಂದೊಂದಕ್ಕೂ ಒಂದು ಕೆಂಪು ಚುಕ್ಕೆ. ಎಲ್ಲವನ್ನೂ ಅಚ್ಚುಕಟ್ಟಾಗಿ ಟಿಪ್ಪಣಿ ಮಾಡಿಕೊಂಡೆ. ಅಂದು ದೇವರಿಗೆ ಮಾತ್ರ ತುಳಸಿಯಲ್ಲೇ ಮುಗಿಯಿತು.

ಇಂಥ ಹೊತ್ತಿನಲ್ಲಿ ನನಗೆ ಧೈರ್ಯ ತುಂಬುವಾಕೆ ಇಂಗ್ಲೆಂಡಿನ ಮೇರಿ ಡಿಲೇನಿ. 1700ರಲ್ಲಿ ಹುಟ್ಟಿದ ಈಕೆ ಕಾಗದದ ಹೂವಿಗೆ ಕೈ ಹಾಕಿದ್ದು ತನ್ನ 72ನೇ ವಯಸ್ಸಿನಲ್ಲಿ. ಗಿಡವನ್ನು ಎದುರಿಗೆ ಇಟ್ಟುಕೊಂಡು, ಎಸಳು, ಕೇಸರ, ಎಲೆ ಎಲ್ಲವನ್ನೂ ಬಣ್ಣದ ಕಾಗದದಲ್ಲಿ ಬಿಡಿಬಿಡಿಯಾಗಿ ಕತ್ತರಿಸಿ, ಕಪ್ಪು ಹಾಳೆಯ ಮೇಲೆ ಅಂಟಿಸಿದಳು. ಒಂದೊಂದು ಹೂವಿಗೆ ನೂರಾರು ಚೂರು. ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್‌ನಂಥವನೇ ಆಕೆಯ ನಿಖರತೆಗೆ ತಲೆದೂಗಿದ. ರಾಜ ಮೂರನೇ ಜಾರ್ಜ್ ಮತ್ತು ರಾಣಿ ಕ್ಯೂ ತೋಟದಿಂದ ಗಿಡ ಕಳಿಸಿದರು. ಕಣ್ಣು ಸೋಲುವ ಹೊತ್ತಿಗೆ, ಹತ್ತು ವರ್ಷದಲ್ಲಿ, 985 ಚಿತ್ರಗಳಾಗಿದ್ದವು. ಇಷ್ಟನ್ನೂ ಅಡುಗೆಮನೆ ಬಾಗಿಲಲ್ಲಿ ನಿಂತು ಏರುದನಿಯಲ್ಲಿ ವರ್ಣಿಸಿದೆ. ನನ್ನಾಕೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದಳು: "ಅಷ್ಟನ್ನೂ ಎಲ್ಲಿ ಇಟ್ಟಿದ್ರಂತೆ?"

"ಹತ್ತು ಆಲ್ಬಮ್ಮಿನಲ್ಲಿ. ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ."

"ನೋಡಿ, ಚಪ್ಪಟೆಯಾಗಿ ಮಾಡಿದಾರೆ. ಜಾಣೆ. ಮ್ಯೂಸಿಯಮ್ಮಿಗೆ ಯಾವಾಗ ಹೋಯ್ತು?"

"ಆಕೆ ಸತ್ತದ್ದು 1788ರಲ್ಲಿ. ವಂಶದವರ ಕೈಯಿಂದ ಮ್ಯೂಸಿಯಮ್ಮಿಗೆ ಹೋದದ್ದು 1897ರಲ್ಲಿ."

"ಅಂದ್ರೆ ಮನೆಯವರು ನೂರು ವರ್ಷಕ್ಕಿಂತ ಜಾಸ್ತಿ ಇಟ್ಕೊಂಡಿದ್ರು. ಪಾಪ" ಎಂದು ನಿಟ್ಟುಸಿರು ಬಿಟ್ಟಳು. ಡಿಲೇನಿಯ ಕಥೆ ಕೇಳಿ ಆ ಮನೆಯವರಿಗಾಗಿ ಮರುಗಿದವಳು ಇವಳೊಬ್ಬಳೇ ಇರಬೇಕು.

ಮೈಸೂರಿನಲ್ಲಿದ್ದು ಮಲ್ಲಿಗೆ ಮಾಡದಿದ್ದರೆ ಹೇಗೆ ಎಂದು ಅದಕ್ಕೂ ಇಳಿದೆ. ಮೊಳ ಕಟ್ಟಲು ಹೊರಟವನು ಗೇಣಿಗೆ ನಿಲ್ಲಿಸಿದೆ. ಉಡುಪಿ ಕಡೆ ಶಂಕರಪುರ ಮಲ್ಲಿಗೆಯ ವ್ಯವಹಾರವೆಲ್ಲ ಎಣಿಕೆಯದು: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನನ್ನ ವೇಗದಲ್ಲಿ ಒಂದು ಅಟ್ಟೆ ಕಾಗದದ ಮಲ್ಲಿಗೆ ಮೊಮ್ಮಗಳ ಮದುವೆಯ ಹೊತ್ತಿಗೆ ಸಿದ್ಧವಾದೀತು. ಮಗಳಿಗೇ ಇನ್ನೂ ಗಂಡು ನೋಡುತ್ತಿದ್ದೇವೆ.

ಆ ಗೇಣುದ್ದದ ಮಾಲೆಯನ್ನು ದಿನಾ ಗೇಟಿನ ಹತ್ತಿರ ಬರುವ ಹೂವಿನವಳಿಗೆ ತೋರಿಸಿದೆ. ಕಸುಬಿನವರ ಅಭಿಪ್ರಾಯಕ್ಕೆ ತೂಕ ಹೆಚ್ಚು. ಅವಳು ಬುಟ್ಟಿ ಕೆಳಗಿಟ್ಟು, ಮಾಲೆಯನ್ನು ಎರಡು ಬೆರಳಲ್ಲಿ ಎತ್ತಿ, ಹಿಂದೆ ಮುಂದೆ ತಿರುಗಿಸಿ, ಅಭ್ಯಾಸಬಲದಿಂದ ಮೂಗಿಗೆ ಹಿಡಿದಳು.

"ವಾಸ್ನೆ ಇಲ್ವಲ್ಲ ಸ್ವಾಮಿ."

"ಕನಕಾಂಬರಕ್ಕೂ ಇಲ್ಲ" ಎಂದೆ. ಈ ಉತ್ತರ ಮೊದಲೇ ತಯಾರಿತ್ತು.

"ಅದೂ ದಿಟವೇ ಬಿಡಿ. ಎಷ್ಟು ದಿನ ಇರ್ತದೆ?"

"ಬಾಡೋದೇ ಇಲ್ಲ!"

ಅವಳು ಮಾಲೆಯನ್ನು ತಟ್ಟನೆ ನನ್ನ ಕೈಗೆ ವಾಪಸು ಕೊಟ್ಟಳು. "ಬಾಡ್ದೇ ಹೋದ್ರೆ ನಾಳೆ ನಾನೇನ್ ಮಾರ್ಲಿ?" ಎಂದು ಬುಟ್ಟಿ ಎತ್ತಿಕೊಂಡು ಹೊರಟಳು. ಸೇವಾವಧಿಯುದ್ದಕ್ಕೂ ಸಣ್ಣ ವ್ಯಾಪಾರಿಗಳಿಗೆ ಸಾಲದ ಅರ್ಜಿ ತುಂಬಿಸಿದವನು ನಾನು. ಅವರ ವ್ಯಾಪಾರ ಯಾವುದರ ಮೇಲೆ ನಿಂತಿದೆ ಎಂದು ಪಿಂಚಣಿ ಬರಲು ಶುರುವಾದ ಮೇಲೆ ತಿಳಿಯಿತು.

ಬಾಡದ್ದು ಸುಮ್ಮನಾದರೂ ಇದ್ದೀತೇ? ಧೂಳು ಹಿಡಿಯುತ್ತದೆ. ನೀರು ಸೋಕಿಸುವ ಹಾಗಿಲ್ಲ, ಒಂದೊಂದೇ ಎಸಳನ್ನು ಕುಂಚದಲ್ಲಿ ಕೊಡವಬೇಕು. ಮೈದಾ ಅಂಟು ಬಳಸಿದ್ದ ಹೂವುಗಳಿಗೆ ರಾತ್ರಿ ಜಿರಲೆ ಬಂದವು, ಪುಸ್ತಕದ ಕಪಾಟಿನ ಬೆಳ್ಳಿಹುಳಗಳೂ ಬಂದವು. ಪುಸ್ತಕಕ್ಕೆ ರಟ್ಟು ಕಟ್ಟುವವರು ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ, ಹುಳ ಬರುವುದಿಲ್ಲ ಎಂದೆ. "ವಿಷ ಹಾಕಿದ ಅಂಟನ್ನ ನನ್ನ ಒಲೆ ಮೇಲೆ ಕುದಿಸ್ತೀರಾ?" ಎಂಬ ಒಂದೇ ವಾಕ್ಯದಲ್ಲಿ ಆ ಯೋಜನೆ ಬಿದ್ದುಹೋಯಿತು. ಟೀವಿಯ ಮೇಲೆ, ಫ್ರಿಜ್ಜಿನ ಮೇಲೆ, ಕೊನೆಗೆ ಕರೆಂಟು ಮೀಟರಿನ ಮೇಲೂ ಹೂವು ಅರಳಿದವು. ಬಂದ ನೆಂಟರು ಸೋಫಾದ ಸೇವಂತಿಗೆಯನ್ನು ಸರಿಸಿ ಕೂರಬೇಕಾಯಿತು. "ದೇವರಿಗೆ ಏರಿಸೋ ಹಾಗಿಲ್ಲ, ಮುಡಿಯೋ ಹಾಗಿಲ್ಲ, ಕಸಕ್ಕೆ ಹಾಕೋಣ ಅಂದ್ರೆ ನಿಮ್ಮ ಮುಖ ನೋಡೋ ಹಾಗಿಲ್ಲ" ಎಂದು ನನ್ನಾಕೆ ಅಷ್ಟನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕಿಸಿದಳು.

ದಸರಾ ಬಂತು. ಬೊಂಬೆಗಳನ್ನು ಇಳಿಸುವಾಗ ನನ್ನ ಪೆಟ್ಟಿಗೆಯೂ ಜೊತೆಗೆ ಇಳಿಯಿತು. ವರ್ಷವಿಡೀ ಅಟ್ಟದಲ್ಲಿದ್ದು, ನವರಾತ್ರಿಗೆ ಮಾತ್ರ ಕೆಳಗೆ ಬಂದು ಆರತಿ ಎತ್ತಿಸಿಕೊಳ್ಳುವ ಜಾತಿಗೆ ನನ್ನ ಹೂವೂ ಸೇರಿಹೋಯಿತು. ಪಟ್ಟದ ಬೊಂಬೆಯ ಅಕ್ಕಪಕ್ಕ, ಮೆಟ್ಟಿಲುಗಳ ಅಂಚಿನಲ್ಲಿ ಅವುಗಳನ್ನು ಜೋಡಿಸಿದಾಗ ಚೆನ್ನಾಗಿಯೇ ಕಂಡವು. ಬೊಂಬೆ ನೋಡಲು ಬಂದ ಹೆಂಗಸರು ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿ, "ಎಲ್ಲಿ ತಂದ್ರಿ?" ಎಂದರು. "ಮನೇಲೇ ಮಾಡಿದ್ದು" ಎಂದಳು ನನ್ನಾಕೆ. "ಏನ್ ಕೈಚಳಕ ರೀ ನಿಮ್ದು!" ಎಂದರು. ಅವಳು ನಾಚಿಕೊಂಡಳು. ಒಳಕೋಣೆಯಲ್ಲಿ ನಾನು ಎರಡು ಸಲ ಜೋರಾಗಿ ಕೆಮ್ಮಿದೆ. ಯಾರೂ ತಿರುಗಿ ನೋಡಲಿಲ್ಲ.

ಅದೇ ಸಂಜೆ ಅವಳಿಗೆ ಆ ಉಪಾಯ ಹೊಳೆದದ್ದು. ಎಲೆ, ಅಡಿಕೆ, ಬಾಳೆಹಣ್ಣು, ಬ್ಲೌಸ್ ಪೀಸಿನ ಜೊತೆಗೆ ತಾಂಬೂಲದ ಚೀಲಕ್ಕೆ ಕಾಗದದ ಹೂವನ್ನೂ ತುರುಕತೊಡಗಿದಳು. ತಾಂಬೂಲವನ್ನು ಬೇಡ ಎನ್ನುವ ಹಾಗಿಲ್ಲ. ಕೊಟ್ಟವರಿಗೇ ವಾಪಸು ಕೊಡುವುದಂತೂ ಕನಸಿನ ಮಾತು. ಯಾರಿಗೆಷ್ಟು ಎಂಬ ಲೆಕ್ಕವೂ ಅವಳದೇ: ಆಪ್ತರಿಗೆ ಒಂದು, ಬರೀ ಮುಖಪರಿಚಯದವರಿಗೆ ಎರಡು, ಹೋದ ವರ್ಷ ನಮಗೆ ಮುಚ್ಚಳ ಕೂರದ ಪ್ಲಾಸ್ಟಿಕ್ ಡಬ್ಬಿ ಕೊಟ್ಟವರಿಗೆ ಐದು. ವಿಜಯದಶಮಿಯ ಹೊತ್ತಿಗೆ ಪೆಟ್ಟಿಗೆ ತಳ ಕಂಡಿತು.

ಈಗ ನನ್ನ ಹವ್ಯಾಸಕ್ಕೆ ಮನೆಯಲ್ಲಿ ಪೂರ್ಣ ಬೆಂಬಲವಿದೆ. ಇಟಲಿಯ ಕಾಗದದ ಬೆಲೆಯನ್ನು ಯಾರೂ ಕೇಳುವುದಿಲ್ಲ. ನನಗೆಂದೇ ಒಂದು ಹೊಸ ಪೊರಕೆ ಬಂದಿದೆ. ಮೊನ್ನೆ ನಾನು ಕತ್ತರಿ ಹಿಡಿದು ಕೂತಿದ್ದಾಗ ಅವಳೇ ಕಾಫಿ ತಂದಿಟ್ಟು, ಹತ್ತಿರ ಬಗ್ಗಿ ಹೇಳಿದಳು: "ಬರೋ ವರ್ಷಕ್ಕೆ ಕೆಂಪು ಗುಲಾಬಿ ಜಾಸ್ತಿ ಇರಲಿ ರೀ. ಆ ಡಬ್ಬಿಯವರು ಹಾಲಿಗೆ ಹೊಸದಾಗಿ ಬಿಳೀ ಸೋಫಾ ತರಿಸಿದಾರೆ. ಅದೇ, ನೀರು ತಾಗಿದ್ರೆ ಬಣ್ಣ ಬಿಡುತ್ತಲ್ಲ, ಆ ಕಾಗದದಲ್ಲೇ ಮಾಡಿ."