ಕಾಣೆಯಾಗುವ ಕಲೆ: ನಗರದ ಸೈಕಲ್ ಸವಾರರಿಗೊಂದು ಕೈಪಿಡಿ

ಪೂರ್ತಿ ಓದಿದ ಮೇಲೆಯೇ ಪೆಡಲ್ ಮೇಲೆ ಕಾಲಿಡಿ. ಈ ಕೈಪಿಡಿ ಬೆಂಗಳೂರಿನ ರಸ್ತೆಗಳನ್ನು ನೋಡಿ ಬರೆದದ್ದು. ಬೇರೆ ಊರಲ್ಲಿ ಪ್ರಯೋಗ ಮಾಡಿ ಕ್ಷೇಮವಾಗಿ ಮನೆ ಸೇರಿದರೆ ಅದಕ್ಕೆ ನಾವು ಹೊಣೆಯಲ್ಲ.

ಸೈಕಲ್ ಹೊಡೆಯಲು ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ, ಇನ್ಶೂರೆನ್ಸೂ ಬೇಡ. 1988ರ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಸೈಕಲ್ ಮೋಟಾರು ವಾಹನವೇ ಅಲ್ಲ. ಹಿಂದೆ ಮುನಿಸಿಪಾಲಿಟಿಯವರು ಸೈಕಲ್ಲಿಗೆ ಬಿಲ್ಲೆ ಕೊಟ್ಟು ತೆರಿಗೆ ವಸೂಲಿ ಮಾಡುತ್ತಿದ್ದರು. ದೀಪವಿಲ್ಲದೆ ಡಬಲ್ಸ್ ಹೊರಟವರನ್ನು ಪೊಲೀಸರು ನಿಲ್ಲಿಸಿ, ಚಕ್ರದ ಗಾಳಿ ಬಿಟ್ಟು, ತಳ್ಳಿಕೊಂಡು ಹೋಗಿ ಎನ್ನುತ್ತಿದ್ದರು. ಎಷ್ಟೇ ಬೈದುಕೊಂಡರೂ ಒಂದು ಮಾತು ಒಪ್ಪಲೇಬೇಕು, ಅವರ ಕಣ್ಣಿಗೆ ಸೈಕಲ್ ಬೀಳುತ್ತಿತ್ತು. ಈಗ ಆ ಕಾಟವಿಲ್ಲ. ಕಾನೂನಿನ ಕಣ್ಣಿಂದ ನೀವಾಗಲೇ ಮರೆಯಾಗಿದ್ದೀರಿ. ಬಸ್ಸು, ಲಾರಿ, ನೀರಿನ ಟ್ಯಾಂಕರು, ಕ್ಯಾಬ್‌ನವರ ಕಣ್ಣಿಂದಲೂ ಮರೆಯಾಗುವುದು ಹೇಗೆ ಎಂಬುದಷ್ಟೇ ಬಾಕಿ.

ಇದು ನೈಟ್ ಶಿಫ್ಟಿನ ಸೆಕ್ಯೂರಿಟಿಯವರಿಗೆ, ಪೇಪರ್ ಹುಡುಗರಿಗೆ, ಕ್ಯಾರಿಯರ್‌ಗೆ ಟೀ ಫ್ಲಾಸ್ಕು ಕಟ್ಟಿಕೊಂಡು ಕಟ್ಟಡದಿಂದ ಕಟ್ಟಡಕ್ಕೆ ತಿರುಗುವವರಿಗೆ, ಗಾರೆ ಕೆಲಸಕ್ಕೆ ಹೋಗುವವರಿಗೆ ಹೇಳಿ ಮಾಡಿಸಿದ್ದು. ಭಾನುವಾರ ಬೆಳಗ್ಗೆ ನಂದಿಬೆಟ್ಟದ ಕಡೆ ಹೊರಡುವವರು ದಯವಿಟ್ಟು ಪುಟ ತಿರುವಬಾರದು. ಗಿಳಿಹಸಿರು ಜೆರ್ಸಿ, ಹಗಲಲ್ಲೂ ಮಿನುಗುವ ಕೆಂಪು ದೀಪ ಹಾಕಿಕೊಂಡು ಫರ್ಲಾಂಗ್ ದೂರದಿಂದಲೇ ಕಂಡುಬಿಡುವ ಅವರಿಗೆ ಈ ವಿದ್ಯೆ ಹತ್ತುವುದಿಲ್ಲ.

ಮೊದಲ ಪಾಠ: ಸಂಕೋಚ

ಅಪಾಯದಲ್ಲಿ ಸಿಲುಕಲು ಧೈರ್ಯ ಬೇಕೆಂದು ಹೊಸಬರು ತಿಳಿಯುತ್ತಾರೆ. ಧೈರ್ಯಶಾಲಿಗಳನ್ನು ಎಲ್ಲರೂ ನೋಡುತ್ತಾರೆ, ಬೈಯುತ್ತಾರೆ, ಬ್ರೇಕ್ ಹಾಕುತ್ತಾರೆ. ನಮಗೆ ಬೇಕಾದ್ದು ಅದಲ್ಲ. ನಮಗೆ ಬೇಕಾದ್ದು ಮದುವೆಮನೆಯಲ್ಲಿ ಕೊನೆಯ ಪಂಕ್ತಿಯ ಮೂಲೆ ಎಲೆಗೆ ಕೂತವನ ಸಂಕೋಚ. ಬಡಿಸುವವನು ಅವನನ್ನು ಬಿಟ್ಟೇ ಮುಂದೆ ಹೋಗುತ್ತಾನೆ.

ಆದ್ದರಿಂದ ರಸ್ತೆಯ ಎಡ ಅಂಚಿಗೆ ಆದಷ್ಟು ಒತ್ತಿಕೊಂಡು ಹೋಗಿ. ಮಳೆ ಕೊಚ್ಚಿಕೊಂಡು ತಂದ ಮರಳು, ಎಳನೀರು ಬುರುಡೆ, ಮೋರಿಯ ಕಬ್ಬಿಣದ ಜಾಲರಿ, ಅರ್ಧಕ್ಕೇ ನಿಂತ ಹಂಪು, ಕೇಬಲ್‌ನವರು ಅಗೆದು ಮುಚ್ಚಿದಂತೆ ಮಾಡಿದ ಗುಂಡಿ, ಎಲ್ಲವೂ ಅಲ್ಲೇ ಸಿಗುತ್ತವೆ. ಜಾಲರಿಯ ಸರಳುಗಳು ರಸ್ತೆಯ ಉದ್ದಕ್ಕೇ ಇದ್ದರೆ ಸಣ್ಣ ಟಯರು ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಅದನ್ನು ತಪ್ಪಿಸಲು ನೀವು ಇದ್ದಕ್ಕಿದ್ದಂತೆ ಬಲಕ್ಕೆ ಹೊರಳುತ್ತೀರಲ್ಲ, ಈ ಪಾಠದ ಸಾರವೆಲ್ಲ ಆ ಒಂದು ಹೊರಳಿನಲ್ಲಿದೆ. ಹಿಂದಿನ ಕಾರಿನವನಿಗೆ ಗುಂಡಿ ಕಾಣುವುದಿಲ್ಲ, ನೀವು ಹೊರಳುವುದೂ ಮೊದಲೇ ಗೊತ್ತಾಗುವುದಿಲ್ಲ. ನೀವು ಅಂಚಿನಲ್ಲೇ ಇರುತ್ತೀರೆಂದು ನಂಬಿ ಅವನು ಲೇನ್ ಬದಲಿಸದೆ, ನಿಮ್ಮ ಮೊಣಕೈ ಸವರುವ ಹಾಗೆ ಬರುತ್ತಿರುತ್ತಾನೆ.

ಅಂಚಿನಿಂದ ಒಂದು ಮೀಟರ್ ಒಳಗೆ, ನೆಟ್ಟಗೆ, ಒಂದೇ ಗೆರೆಯಲ್ಲಿ ಹೋಗಬಾರದೆ ಎಂದು ಕೆಲವರು ಕೇಳುತ್ತಾರೆ. ಕೂಡದು. ಆಗ ಕಾರಿನವನು ನಿಮ್ಮನ್ನು ದಾಟಲು ಪಕ್ಕದ ಲೇನಿಗೇ ಹೋಗಬೇಕಾಗುತ್ತದೆ. ಹಾಗೆ ಹೋಗಬೇಕಾದರೆ ನಿಮ್ಮನ್ನು ನೋಡಲೇಬೇಕಾಗುತ್ತದೆ. ಜರ್ಮನಿಯವರಂತೂ ಊರೊಳಗೆ ಸೈಕಲ್ ದಾಟುವಾಗ ಒಂದೂವರೆ ಮೀಟರ್ ಅಂತರ ಬಿಡಲೇಬೇಕೆಂದು 2020ರಲ್ಲಿ ಕಾನೂನನ್ನೇ ಮಾಡಿಕೊಂಡರು. ನಮ್ಮ ಇಕ್ಕಟ್ಟಿನ ಅವೆನ್ಯೂ ರೋಡಿನಲ್ಲಿ ಸೈಕಲ್ಲಿಗೆ ಒಂದೂವರೆ ಮೀಟರ್ ಬಿಟ್ಟರೆ ಉಳಿದ ರಸ್ತೆಗೆ ಏನು ಮಾಡುವುದು?

ಬಸ್ಸಿನ ಎಡ ಮಗ್ಗುಲು

ಇದು ಕೈಪಿಡಿಯ ಹೃದಯ. ನಿಧಾನವಾಗಿ ಓದಿ.

ನಮ್ಮ ದೇಶದಲ್ಲಿ ಚಾಲಕ ಕೂರುವುದು ಬಲಕ್ಕೆ, ಸೈಕಲ್ಲಿನವನು ಹೋಗುವುದು ಎಡಕ್ಕೆ. ಬಸ್ಸಾಗಲಿ ಟಿಪ್ಪರ್ ಆಗಲಿ, ಅದರ ಮುಂದಿನ ಎಡ ಮೂಲೆ ಚಾಲಕನ ಕಣ್ಣಿಗೆ ಅತಿ ದೂರ. ಎಡ ಕಿಟಕಿಯ ಕೆಳಗಿನ ತಗಡು, ಬಾಗಿಲ ಬಳಿ ನಿಂತ ಪ್ರಯಾಣಿಕರು, ಅವರ ಬ್ಯಾಗುಗಳು, ಒಂದಿಂಚು ಓರೆಯಾದ ಕನ್ನಡಿ, ಇವೆಲ್ಲ ಸೇರಿ ಅಲ್ಲೊಂದು ಕುರುಡು ಜಾಗ ಸೃಷ್ಟಿಯಾಗುತ್ತದೆ. ನೀವು ಬಸ್ಸನ್ನು ನೋಡುತ್ತಿದ್ದೀರಿ. ಹನ್ನೆರಡು ಮೀಟರ್ ಉದ್ದದ ಬಸ್ಸು ಯಾರಿಗೆ ತಾನೇ ಕಾಣುವುದಿಲ್ಲ? ನನಗೆ ಅದು ಕಾಣುತ್ತಿದೆ, ಆದ್ದರಿಂದ ಅದಕ್ಕೂ ನಾನು ಕಾಣುತ್ತಿದ್ದೇನೆ ಎಂಬ ನಂಬಿಕೆ ನಿಮ್ಮಲ್ಲಿ ದೃಢವಾಗಿರಬೇಕು. ಈ ನಂಬಿಕೆ ಇಲ್ಲದವನು ಆ ಸಂದಿಗೆ ನುಗ್ಗಲಾರ.

ನುಗ್ಗಬೇಕಾದ ಹೊತ್ತು ಸಿಗ್ನಲ್ ಹಸಿರಾಗುವುದಕ್ಕೆ ಸ್ವಲ್ಪ ಮೊದಲು. ಬಸ್ಸು ನಿಂತಿದೆ. ಫುಟ್‌ಪಾತಿಗೂ ಬಸ್ಸಿಗೂ ನಡುವೆ ಹ್ಯಾಂಡಲ್ ಹಿಡಿಸುವಷ್ಟು ಜಾಗವಿದೆ. ಕಾಲು ಊರುತ್ತಾ ಮುಂದೆ ಸಾಗಿ, ನಡುಭಾಗದಲ್ಲಿ ಬಸ್ಸಿನ ಮೈಗೆ ಕೈಯಾನಿಸಿ ಸುಧಾರಿಸಿಕೊಳ್ಳಿ. ದೀಪ ಹಸಿರಾಯಿತು, ಕಂಡಕ್ಟರ್ 'ರೈಟ್' ಅಂದ, ಬಸ್ಸು ಎಡಕ್ಕೆ ತಿರುಗಲು ಶುರು ಮಾಡಿತು. ಈಗ ಜ್ಯಾಮಿತಿ ಕೆಲಸ ಮಾಡುತ್ತದೆ. ತಿರುವಿನಲ್ಲಿ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲೇ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಉದ್ದನೆಯ ಬಸ್ಸು ಚಿಕ್ಕ ತಿರುವಿನಲ್ಲಿ ಹಾಗೆ ಒಂದೂವರೆ ಎರಡು ಮೀಟರ್ ಒಳಗೆ ಸರಿಯಬಲ್ಲದು. ಮುಂದಿನ ಚಕ್ರ ದಾಟಿಹೋದಾಗ ಬದುಕಿದೆ ಅಂದುಕೊಂಡು ನಿರಾಳವಾಗುವ ಸವಾರನ ಕಡೆಗೇ ಹಿಂದಿನ ಚಕ್ರ ಬರುತ್ತಿರುತ್ತದೆ. ಫುಟ್‌ಪಾತಿಗೆ ಹಾರೋಣವೆಂದರೆ ಗ್ರಿಲ್ ಹಾಕಿರುತ್ತಾರೆ, ಪಾದಚಾರಿಗಳ ಸುರಕ್ಷತೆಗಾಗಿ.

ಇಲ್ಲಿ ಚಾಲಕನನ್ನು ಬೈಯುವವರಿಗೆ ನನ್ನ ಒಂದು ಮಾತು. ಆ ಸಂದಿಯಲ್ಲಿ ಯಾರೋ ಇದ್ದಾರೆಂದು ಅವನಿಗೆ ಗೊತ್ತಾಗುವುದು, ಅದೂ ಕೆಲವೊಮ್ಮೆ, ಪ್ರಯಾಣಿಕರು ಕೂಗಿಕೊಂಡಾಗ. ಬಸ್ಸಿನ ಹಿಂದೆ ನಿಂತು ಹೊಗೆ ಕುಡಿಯುತ್ತಾ ಅದು ಹೊರಡಲೆಂದು ಕಾಯುವುದು ಅವಮಾನವೆಂದು ನಮಗೆ ಯಾರು ಕಲಿಸಿದರೋ ಕಾಣೆ. ಆದರೆ ಕಾಯದಿರುವುದಕ್ಕೆ ಕಾರಣವುಂಟು. ಬೈಕಿನವನಿಗೆ ನಿಂತು ಹೊರಡುವುದು ಬಲಗೈ ಮಣಿಕಟ್ಟಿನ ಕೆಲಸ, ಸೈಕಲ್ಲಿನವನಿಗೆ ತೊಡೆಯ ಕೆಲಸ. ಒಮ್ಮೆ ಹಿಡಿದ ವೇಗ ಅವನ ಬೆವರಿನ ಗಳಿಕೆ, ಅದನ್ನು ಸಿಗ್ನಲ್ಲಿಗೆ ಸುರಿಯಲು ಮನಸ್ಸು ಬಾರದು. ಈ ಕೈಪಿಡಿಯ ಅರ್ಧ ತಂತ್ರಗಳು ಹುಟ್ಟಿರುವುದು ಈ ಜಿಪುಣತನದಿಂದಲೇ.

ಬಸ್ಸು ಎಡಕ್ಕೆ ತಿರುಗದೆ ಸ್ಟಾಪಿನಲ್ಲಿ ನಿಂತರೆ ನಿರಾಶರಾಗಬೇಡಿ. ಅದು ನಿಲ್ಲುವುದು ಹೇಗೂ ರಸ್ತೆಯ ನಡುವೆಯೇ. ಎಡ ಸಂದಿಯಲ್ಲಿ ಬೆಲ್ ಹೊಡೆಯುತ್ತಾ ನುಗ್ಗಿದರೆ, ಫುಟ್‌ಬೋರ್ಡಿನಿಂದ ಇಳಿಯುವ ಅಜ್ಜಿಯೊಬ್ಬರು ಖಂಡಿತ ಸಿಗುತ್ತಾರೆ.

ಫ್ರೀ ಲೆಫ್ಟ್

ನೀವು ನೇರ ಹೋಗಬೇಕು. ಸಿಗ್ನಲ್ ಕೆಂಪಿದೆ. ವಿನಯವಂತರಾದ ನೀವು ತೀರಾ ಎಡಕ್ಕೆ ಹೋಗಿ ನಿಲ್ಲುತ್ತೀರಿ. ಅಲ್ಲೇ ಫ್ರೀ ಲೆಫ್ಟ್. ಹಿಂದಿನವರೆಲ್ಲ ಒಟ್ಟಿಗೆ ಹಾರ್ನ್ ಹೊಡೆಯುತ್ತಾರೆ. ಗಾಬರಿಯಾಗಿ ಸ್ವಲ್ಪ ಮುಂದೆ, ಸ್ವಲ್ಪ ಬಲಕ್ಕೆ ತೆವಳುತ್ತೀರಿ, ಜೀಬ್ರಾ ದಾಟಿ ಚೌಕದ ಅಂಗಳಕ್ಕೇ ಬಂದು ನಿಲ್ಲುತ್ತೀರಿ. ಈಗ ಎಡಕ್ಕೆ ತಿರುಗುವವರಿಗೂ ಅಡ್ಡ, ನೇರ ಬರುವವರಿಗೂ ಅಡ್ಡ. ಇದಕ್ಕಿಂತ ನೇರ ಹೋಗುವವರ ಸಾಲಿನಲ್ಲೇ, ಒಂದು ಕಾರಿನ ಜಾಗ ಹಿಡಿದು ನಿಂತಿದ್ದರೆ ಏನಾಗುತ್ತಿತ್ತು? ಬೈಗುಳ ಬೀಳುತ್ತಿತ್ತು. 'ಮನೇಲಿ ಹೇಳ್ಬಿಟ್ಟು ಬಂದಿದ್ದೀಯಾ?' ಎಂದು ಆಟೋದವನು ಕೇಳುತ್ತಿದ್ದ. ಹಾಗೆ ಕೇಳಬೇಕಾದರೆ ಅವನು ನಿಮ್ಮನ್ನು ನೋಡಿರಲೇಬೇಕು. ಬೆಂಗಳೂರಿನಲ್ಲಿ ಬೈಸಿಕೊಂಡವನಷ್ಟು ಸುರಕ್ಷಿತ ಸವಾರ ಬೇರಿಲ್ಲ. ನಮ್ಮ ಉದ್ದೇಶಕ್ಕೆ ಇದು ಮಾರಕ.

ಎದುರು ಬರುವುದು

ಮೀಡಿಯನ್ ಉದ್ದವಾಗಿದೆ, ಯೂ ಟರ್ನ್ ಇರುವುದು ಎಲ್ಲೋ ಮುಂದೆ, ಕೆಲಸದ ಜಾಗ ಮಾತ್ರ ಇಲ್ಲೇ ಹಿಂದೆ. ಹೀಗಾಗಿ ರಾಂಗ್ ಸೈಡ್. ಇದರ ಸಮರ್ಥಕರು 'ಎದುರಿಗೆ ಬರುವ ಗಾಡಿ ಕಣ್ಣಿಗೆ ಕಾಣುತ್ತಲ್ಲ ಸಾರ್, ಹಿಂದಿನಿಂದ ಬರೋದು ಕಾಣಲ್ಲ' ಎನ್ನುತ್ತಾರೆ. ಮೆಚ್ಚತಕ್ಕ ತರ್ಕ. ಲೆಕ್ಕ ಮಾತ್ರ ಹೀಗಿದೆ. ನಿಮ್ಮದು ಗಂಟೆಗೆ 15 ಕಿಲೋಮೀಟರ್, ಕಾರಿನದು 40. ಒಂದೇ ದಿಕ್ಕಿನಲ್ಲಿದ್ದರೆ ಅದು ನಿಮ್ಮನ್ನು ಸಮೀಪಿಸುವುದು 25ರ ವೇಗದಲ್ಲಿ, ಎದುರಾದರೆ 55ರಲ್ಲಿ. ಮೂವತ್ತು ಮೀಟರ್ ದೂರದಲ್ಲಿ ಕಂಡವನಿಗೆ ಮೊದಲ ಲೆಕ್ಕದಲ್ಲಿ ನಾಲ್ಕು ಸೆಕೆಂಡು ಮೀರಿ ಸಮಯವುಂಟು, ಎರಡನೆಯದರಲ್ಲಿ ಎರಡೇ ಸೆಕೆಂಡು. ಅದರಲ್ಲಿ ಒಂದು ಸೆಕೆಂಡು ಕಾಲು ಬ್ರೇಕಿಗೆ ಹೋಗುವುದರಲ್ಲೇ ಕಳೆಯುತ್ತದೆ.

ನಿಜವಾದ ಸೊಗಸು ಇರುವುದು ಅಡ್ಡರಸ್ತೆಗಳ ಬಾಯಲ್ಲಿ. ಅಡ್ಡರಸ್ತೆಯಿಂದ ಎಡಕ್ಕೆ ತಿರುಗುವ ಚಾಲಕ ಬಲಗಡೆ ಮಾತ್ರ ನೋಡುತ್ತಾನೆ, ಗಾಡಿಗಳು ಬರಬೇಕಾದ್ದು ಆ ಕಡೆಯಿಂದ. ನೀವು ಎಡದಿಂದ ಬರುತ್ತೀರಿ. ಬಲಗಡೆ ಖಾಲಿ ಕಂಡ ಕೂಡಲೇ ಅವನು ಆಕ್ಸಿಲರೇಟರ್ ಒತ್ತಿ, ಆಮೇಲೆ ಮುಂದೆ ನೋಡುತ್ತಾನೆ. ಪೂರಾ ಹಗಲಲ್ಲಿ, ಚಾಲಕ ಅತ್ಯಂತ ಎಚ್ಚರದಿಂದಿರುವಾಗಲೇ ಮಾಯವಾಗುವ ವಿದ್ಯೆ ಇದೊಂದೇ.

ಬಾಗಿಲು, ಚೈನು, ಮಳೆ

ನಿಂತ ಕಾರುಗಳನ್ನು ಸವರಿಕೊಂಡು ಹೋಗಿ. ಕಾರಿನ ಬಾಗಿಲು ತೆರೆದರೆ ಸುಮಾರು ಒಂದು ಮೀಟರ್ ಹೊರಗೆ ಚಾಚುತ್ತದೆ, ಅಷ್ಟರೊಳಗೇ ನಿಮ್ಮ ದಾರಿ ಇರಲಿ. ಕ್ಯಾಬ್‌ನಿಂದ ಇಳಿಯುವವರು ದುಡ್ಡು ಹೋಯಿತೇ ಎಂದು ಫೋನ್ ನೋಡುತ್ತಲೇ ಬಾಗಿಲು ನೂಕುತ್ತಾರೆ. ಬಾಗಿಲಿಗೆ ದೂರದ ಕೈಯಿಂದ ತೆರೆದರೆ ಮೈ ತಾನಾಗಿ ತಿರುಗಿ ಹಿಂದೆ ಬರುವವರು ಕಾಣುತ್ತಾರಂತೆ. ಬ್ರಿಟನ್ನಿನ ರಸ್ತೆ ನಿಯಮಗಳಲ್ಲಿ 2022ರಿಂದ ಈ ಸಲಹೆ ಸೇರಿದೆ. ಇಲ್ಲಿ ಯಾರಿಗೂ ಹೇಳಲು ಹೋಗಬೇಡಿ.

ಏರು ಬಂದಾಗ ಲಾರಿಯ ಹಿಂದಿನ ಚೈನು ಹಿಡಿದು ಎಳೆಸಿಕೊಳ್ಳುವುದು ಹಳೆಯ ವಿದ್ಯೆ, ವಿವರಿಸುವ ಅಗತ್ಯವಿಲ್ಲ. ಇಷ್ಟು ನೆನಪಿರಲಿ: ಲಾರಿಯಡಿಯಿಂದ ಹೊರಬರುವ ಗುಂಡಿ ನಿಮಗೆ ಗೊತ್ತಾಗುವುದು ಮುಂದಿನ ಚಕ್ರ ಅದರೊಳಗೆ ಇಳಿದ ಮೇಲೆ, ಒಂದೇ ಕೈ ಹ್ಯಾಂಡಲ್ ಮೇಲಿದ್ದಾಗ.

ಮಳೆಗಾಲದಲ್ಲಿ ಬೇರೆ ತಂತ್ರವೇ ಬೇಡ. ಹಳೇ ಸೈಕಲ್ಲಿನ ಸ್ಟೀಲ್ ರಿಮ್ ಒದ್ದೆಯಾದರೆ ಬ್ರೇಕಿನ ರಬ್ಬರು ಮೊದಲು ನೀರು ಒರೆಸುತ್ತದೆ, ಆಮೇಲೆ ಬ್ರೇಕ್ ಹಿಡಿಯುತ್ತದೆ. ಅಷ್ಟು ಹೊತ್ತು ನೀವು ಹೋಗುತ್ತಲೇ ಇರುತ್ತೀರಿ.

ರಾತ್ರಿ

ಕಪ್ಪು ಜರ್ಕಿನ್, ಕಪ್ಪು ಮಂಕಿಕ್ಯಾಪ್. ಹೊಸ ಸೈಕಲ್ ಜತೆಗೆ ಬಂದ ರಿಫ್ಲೆಕ್ಟರ್‌ಗಳಿದ್ದರೆ ಮೊದಲು ಪೆಡಲ್‌ನವನ್ನು ಕಿತ್ತುಹಾಕಿ. ಏರಿ ಇಳಿಯುವ ಬೆಳಕನ್ನು ಮನುಷ್ಯನ ಕಣ್ಣು ಥಟ್ಟನೆ ಗುರುತಿಸಿ, ಯಾರೋ ತುಳಿಯುತ್ತಿದ್ದಾರೆ ಎಂದು ತಿಳಿದುಬಿಡುತ್ತದೆ. ಹಿಂದಿನ ಮಡ್‌ಗಾರ್ಡಿನ ಕೆಂಪು ಬಿಲ್ಲೆಗೆ ಕೆಸರು ಸಾಕು. ಡೈನಮೋ ಇಟ್ಟುಕೊಳ್ಳುವವರಿಗೆ ನಮ್ಮ ಆಕ್ಷೇಪವಿಲ್ಲ, ಅದು ಚಕ್ರ ತಿರುಗಿದಾಗ ಮಾತ್ರ ಉರಿಯುತ್ತದೆ. ನೀವು ರಸ್ತೆಯ ನಡುವೆ ಬಲಕ್ಕೆ ತಿರುಗಲು ನಿಂತಾಗ, ಅಂದರೆ ಬೆಳಕು ತೀರಾ ಬೇಕಾದಾಗ, ಆರಿಹೋಗುತ್ತದೆ.

ಚಾಲಕರ ಕಡೆಯಿಂದಲೂ ಸಹಕಾರವುಂಟು. ಎದುರಿನವರ ಹೈ ಬೀಮ್ ಕಣ್ಣಿಗೆ ಹೊಡೆದಾಗ ಅವರಿಗೆ ರಸ್ತೆಯ ಅಂಚೇ ಕಾಣುವುದಿಲ್ಲ, ಇನ್ನು ಅಂಚಿಗೆ ಒತ್ತಿಕೊಂಡ ನೀವು?

ಪ್ರತ್ಯೇಕ ಪಥದ ಬಗ್ಗೆ ಎಚ್ಚರಿಕೆ

ಸೈಕಲ್ಲಿಗೆಂದೇ ದಾರಿ ಮಾಡುವ ದುರಭ್ಯಾಸ ನಮ್ಮಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಜಯನಗರದಲ್ಲಿ ಮಾಡಿದರು, ಕಾರುಗಳಿಗೆ ಒಳ್ಳೆಯ ಪಾರ್ಕಿಂಗ್ ಸಿಕ್ಕಿತು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಪ್ಲಾಸ್ಟಿಕ್ ಬೊಲಾರ್ಡು ನೆಟ್ಟು ಪಥ ಗುರುತಿಸಿದರು. ಬೊಲಾರ್ಡುಗಳು ಮುರಿದವು, ಮೆಟ್ರೊ ಕಾಮಗಾರಿ ಬಂತು, ರಸ್ತೆ ಮತ್ತೆ ಎಲ್ಲರದಾಯಿತು. ಮೈಸೂರಿನವರು 2017ರಲ್ಲಿ 'ಟ್ರಿಣ್ ಟ್ರಿಣ್' ಎಂದು ಬಾಡಿಗೆ ಸೈಕಲ್ ತಂದರು. ಆ ಸೈಕಲ್ಲನ್ನು ಎಕ್ಸ್‌ಪ್ರೆಸ್‌ವೇ ಹಿಡಿದು ಇಲ್ಲಿಗೆ ತರೋಣವೆಂದರೆ, 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಮುಖ್ಯ ಪಥದಲ್ಲಿ ಬೈಕು, ಆಟೋಗಳ ಜತೆಗೆ ಮೋಟಾರಿಲ್ಲದ ಗಾಡಿಗಳಿಗೂ ಪ್ರವೇಶವಿಲ್ಲ. ನಿಷೇಧಿಸಿದವರಾದರೂ ಸೈಕಲ್ ಎಂಬುದೊಂದಿದೆ ಎಂದು ನೆನಪಿಟ್ಟುಕೊಂಡಿದ್ದರು.

ದೋಷ ಕಂಡುಬಂದಲ್ಲಿ

ಚಾಲಕನೊಬ್ಬ ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ನಿಂತು, 'ಹೋಗಿ ಅಣ್ಣಾ' ಎಂದು ಕೈ ಸನ್ನೆ ಮಾಡಿದರೆ ನೀವೆಲ್ಲೋ ತಪ್ಪಿದ್ದೀರಿ. ಬಹುಶಃ ತಿರುಗುವ ಮುನ್ನ ಹಿಂದಿರುಗಿ ನೋಡಿದ್ದೀರಿ, ಇಲ್ಲವೇ ಕೈ ಚಾಚಿದ್ದೀರಿ. ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮೊದಲ ಪಾಠದಿಂದ ಶುರು ಮಾಡಿ.

ಗ್ಯಾರಂಟಿ

ಇಲ್ಲ. ರಾಜ್ಯದಲ್ಲಿ ಆಗಲೇ ಐದಿವೆ.

ಗುದ್ದಿದ ಗಾಡಿ ಯಾವುದೆಂದು ಪತ್ತೆಯಾಗದಿದ್ದರೆ, 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ತೀವ್ರ ಗಾಯಕ್ಕೆ ಐವತ್ತು ಸಾವಿರ, ಸಾವಿಗೆ ಎರಡು ಲಕ್ಷ ರೂಪಾಯಿ. ಎರಡನೆಯದಕ್ಕೆ ಅರ್ಜಿ ಹಾಕುವುದು ಮನೆಯವರ ಕೆಲಸ, ಕಾಗದಪತ್ರ ಎಲ್ಲಿದೆಯೆಂದು ಅವರಿಗೆ ತಿಳಿಸಿಟ್ಟಿರಿ. ಸೈಕಲ್ಲಿಗೆ ಅದರಲ್ಲಿ ಏನೂ ಇಲ್ಲ. ಫೋರ್ಕ್ ಬಾಗಿದ್ದರೆ ಪಂಕ್ಚರ್ ಅಂಗಡಿಯವರು ಎಳೆದು ನೆಟ್ಟಗೆ ಮಾಡಿಕೊಡುತ್ತಾರೆ. ರಿಮ್ಮಿಗೆ ಬೇರೆ ಚಾರ್ಜು.