ಹುಡುಕಿದವರಿಗೆ ಸಿಗಬೇಕು, ಅಕ್ಕಾ

ಅಲ್ಲ ಅಕ್ಕಾ, ಇದನ್ನ ಇಷ್ಟು ಹಗುರಾಗಿ ಹೇಳ್ತೀರಲ್ಲ! ನಿಮ್ಮ ಹಲಸಿನಕಾಯಿ ಹಪ್ಪಳ ಬೆಂಗಳೂರಿನ ಒಂದು ಅಂಗಡಿಯಲ್ಲಿ ಬೇರೆ ಯಾರದೋ ಹೆಸರಿನ ಚೀಟಿ ಹಚ್ಚಿಕೊಂಡು ಕೂತಿದೆ, ನೀವು ಕೊಟ್ಟ ದರದ ಎರಡರಷ್ಟಕ್ಕೆ ಹೋಗ್ತಿದೆ, ಆದ್ರೂ "ಹೋಗ್ಲಿ ಬಿಡೆ, ಖರ್ಚಾಗ್ತದಲ್ಲ" ಅಂತೀರಿ. ಖರ್ಚಾಗ್ತದೆ, ಸರಿ. ತಿಂದು ರುಚಿ ಹತ್ತಿದವರು ಇನ್ನೊಂದು ಕಟ್ಟು ಬೇಕು ಅಂದ್ರೆ ಯಾರನ್ನ ಹುಡುಕ್ತಾರೆ? ಆ ಚೀಟಿಯಲ್ಲಿರೋ ಹೆಸರನ್ನ. ಎಳೆಯದೂ ಅಲ್ಲ, ಹಣ್ಣೂ ಅಲ್ಲ ಅನ್ನೋ ಹದದ ಕಾಯಿ ನೋಡಿ ಕೊಯ್ಸಿದವರು ನೀವು. ಕೈಗೆ ಎಣ್ಣೆ ಹಚ್ಚಿಕೊಂಡು ತೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಆರೋದರೊಳಗೆ ಕುಟ್ಟಿ, ಉಂಡೆ ಕಟ್ಟಿ ಒತ್ತಿ, ಚಾಪೆ ಮೇಲೆ ಹರವಿ, ಮೋಡ ಕಂಡ್ರೆ ಓಡಿ ಓಡಿ ಒಳಗೆ ತಂದವರೂ ನೀವೇ. ಹೆಸರು ಮಾತ್ರ ಇನ್ನೊಬ್ಬರದ್ದು. ನನಗೆ ಸಂಕಟ ಆಗೋದು ಅದಕ್ಕೆ.

ನಾನೇನು ನಿಮಗೆ ದೊಡ್ಡ ಕಂಪನಿ ಮಾಡಿ ಅಂತ ಹೇಳ್ತಿಲ್ಲ. ಹಪ್ಪಳ ಯಾರು ಮಾಡಿದ್ದು ಅಂತ ಹುಡುಕಿದವರಿಗೆ ನೀವು ಸಿಗಬೇಕು, ಅಷ್ಟೆ.

"ಬಾಯಿಂದ ಬಾಯಿಗೆ ಹೋಗ್ತದಲ್ಲೆ, ಅದು ಸಾಲ್ದಾ?" ಅಂತ ಕೇಳಿದ್ರಿ. ಹೋಗ್ತದೆ. ಅದನ್ನ ಮೀರಿಸಿದ ಜಾಹೀರಾತು ಇವತ್ತಿಗೂ ಇಲ್ಲ. ಆದ್ರೆ ಈಗ ಏನಾಗ್ತದೆ ನೋಡಿ. ಬೆಂಗಳೂರಿನಲ್ಲಿ ನಿಮ್ಮ ತಂಗಿ ಮನೆ ಮದುವೆಯಲ್ಲಿ ನೀವು ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ ತಿಂದವರೊಬ್ಬರು "ಎಲ್ಲಿ ತಂದಿದ್ದು?" ಅಂತಾರೆ. "ಸಾಗರದ ಹತ್ರ ಒಬ್ಬರು ಮಾಡ್ತಾರೆ" ಅಂತ ಉತ್ತರ ಬರ್ತದೆ. ಮೊದಲಾದ್ರೆ ಅವರು ನಂಬರ್ ಬರೆಸಿಕೊಂಡು ಹೋಗ್ತಿದ್ರು, ಇಲ್ಲ ಸಾಗರದ ಕಡೆ ಬಂದಾಗ ಪೇಟೆಯಲ್ಲಿ ಇಳಿದು ವಿಚಾರಿಸ್ತಿದ್ರು. ಈಗ ಎಲೆ ಮುಂದೆ ಕೂತಲ್ಲೇ ಎಡಗೈಯಲ್ಲಿ ಮೊಬೈಲ್ ತೆಗೆದು ನೋಡ್ತಾರೆ. ಸಿಕ್ಕಿದ್ರೆ ಸಿಕ್ತು. ಸಿಗದಿದ್ರೆ ಪಟ್ಟಿಯಲ್ಲಿ ಮೊದಲು ಕಂಡವರ ಹತ್ರ ತರಿಸ್ತಾರೆ. ನಿಮ್ಮ ಒಳ್ಳೆ ಹೆಸರು ಬೆಂಗಳೂರಿನ ಛತ್ರದ ತನಕ ನಡೆದುಕೊಂಡು ಹೋಗಿ, ಅಲ್ಲಿ ಬಾಗಿಲ ಹತ್ರ ನಿಂತುಬಿಡ್ತದೆ.

ಇನ್ನೊಂದು ವಿಷಯ. ನಾವು ಹಾಕದಿದ್ರೆ ನಮ್ಮ ಬಗ್ಗೆ ಅಲ್ಲಿ ಏನೂ ಇರಲ್ಲ ಅಂದ್ಕೋಬೇಡಿ. ಗೂಗಲ್ ಮ್ಯಾಪಿಗೆ ಯಾರು ಬೇಕಾದ್ರೂ ಒಂದು ಅಂಗಡಿ ಸೇರಿಸಬಹುದು, ಸಮಯ ತಿದ್ದಬಹುದು, "ಇದು ಮುಚ್ಚಿದೆ" ಅಂತ ತಿಳಿಸಬಹುದು. ನಮ್ಮ ಪೇಟೆಯ ಮಿಕ್ಸಿ ರಿಪೇರಿಯವರು ಮಳಿಗೆ ಬದಲಾಯಿಸಿ ಎಷ್ಟು ಕಾಲ ಆಯ್ತು? ಮ್ಯಾಪ್ ಇನ್ನೂ ಹಳೇ ಜಾಗವನ್ನೇ ತೋರಿಸ್ತದೆ. ಜನ ಅಲ್ಲಿಗೆ ಹೋಗಿ, ಬೀಗ ನೋಡಿ, ಅಂಗಡಿ ಎದ್ದು ಹೋಯ್ತು ಅಂತ ಸುದ್ದಿ ಹಬ್ಬಿಸ್ತಾರೆ. ಪಾಪ, ಆ ಮನುಷ್ಯ ಎರಡು ಬೀದಿ ಆಚೆ ಕೂತು ಈ ನಡುವೆ ಗಿರಾಕಿ ಯಾಕೋ ಕಡಿಮೆ ಅಂತ ಯೋಚನೆ ಮಾಡ್ತಿರ್ತಾರೆ. ಅದನ್ನ ಸರಿ ಮಾಡೋಕೆ ಒಂದು ರೂಪಾಯಿ ಖರ್ಚಿಲ್ಲ. ಈ ಜಾಗ ನನ್ನದು ಅಂತ ಹಕ್ಕು ಹೇಳಿ, ಬೋರ್ಡು, ಬಾಗಿಲು, ಒಳಗಿನ ಕೆಲಸ ಕಾಣೋ ಹಾಗೆ ಒಂದು ವಿಡಿಯೋ ತೆಗೆದು ಕಳಿಸಿದ್ರೆ ಹೆಚ್ಚಿನ ಸಲ ಅಷ್ಟಕ್ಕೇ ಪರಿಶೀಲನೆ ಮುಗೀತದೆ. "ಗೂಗಲ್‌ನಿಂದ ಮಾತಾಡ್ತಿದೀವಿ, ಇಷ್ಟು ದುಡ್ಡು ಕಟ್ಟಿದ್ರೆ ಮೇಲೆ ತರ್ತೀವಿ" ಅಂತ ಯಾರಾದ್ರೂ ಫೋನ್ ಮಾಡಿದ್ರೆ ಇಟ್ಟುಬಿಡಿ. ಅದು ಪುಕ್ಕಟೆ ಸಿಗೋದು, ಅದಕ್ಕೆ ದುಡ್ಡು ಕೇಳೋರು ಮೋಸದವರು.

ನಿಮಗೆ ಬೋರ್ಡೇ ಇಲ್ಲ ಅಂತೀರಾ? ಒಂದು ಚಿಕ್ಕದು ಬರೆಸೋಣ, ಗೇಟಿಗೆ. ಮನೆಗೇ ಬಂದು ತಗೊಂಡು ಹೋಗೋರು ಇದ್ದಾರಲ್ಲ, ಅವರಿಗೂ ಅನುಕೂಲ.

2020ರ ಲಾಕ್‌ಡೌನ್ ನೆನಪಿದೆಯಲ್ಲ ಅಕ್ಕಾ. ಮಾರ್ಚ್ 25ಕ್ಕೆ ಎಲ್ಲಾ ಬಂದ್. ಮಾವಿನ ಹಂಗಾಮು ಕಣ್ಣೆದುರಿಗಿತ್ತು. ರಾಮನಗರ, ಕೋಲಾರದ ಕಡೆ ಕಾಯಿ ಬಲೀತಿತ್ತು, ಮಂಡಿಗೆ ಸಾಗಿಸೋದು ಹೇಗೆ ಅನ್ನೋದೇ ತಿಳಿಯದ ಕಾಲ. ಆಗ ಮಾವು ನಿಗಮದವರ 'ಕರ್‌ಸಿರಿ' ಅನ್ನೋ ಜಾಲತಾಣ ಕೆಲಸಕ್ಕೆ ಬಂತು. ಬೆಂಗಳೂರಿನವರು ಮನೆಯಲ್ಲೇ ಕೂತು ರೈತರಿಂದ ಹಣ್ಣು ತರಿಸಿಕೊಂಡ್ರು, ಮೂರು ಮೂರು ಕೆಜಿಯ ಪೆಟ್ಟಿಗೆ ಹೊತ್ತು ಮನೆ ಬಾಗಿಲಿಗೆ ತಂದಿದ್ದು ನಮ್ಮ ಅಂಚೆಯವರು. ನನಗೆ ಅದು ಬಹಳ ದೊಡ್ಡ ಸಂಗತಿ ಅನಿಸ್ತದೆ. ಹಣ್ಣು ಅದೇ, ಮರ ಅದೇ, ಅಂಚೆಯಣ್ಣನೂ ಅದೇ ಹಳೇ ಅಂಚೆಯಣ್ಣ. ನಡುವೆ ಒಂದು ಕೊಂಡಿ ಇತ್ತು, ಅಷ್ಟೆ. ಅದೇ ದಿನಗಳಲ್ಲಿ ದ್ರಾಕ್ಷಿ, ಕಲ್ಲಂಗಡಿ ಬೆಳೆದ ಎಷ್ಟೋ ಜನ ವಾಟ್ಸಾಪ್ ಗುಂಪುಗಳಲ್ಲಿ ಬೆಲೆ ಹಾಕಿ ನೇರ ಮಾರಿದ್ರು. ಗುಂಪೂ ಇಲ್ಲ, ನಂಬರೂ ಗೊತ್ತಿಲ್ಲ ಅನ್ನೋರ ಹೊಲದಲ್ಲಿ ಹಣ್ಣು ಕೊಳೀತು.

ನೀವೂ ಸ್ಪೀಡ್ ಪೋಸ್ಟಿನಲ್ಲೇ ಕಳಿಸ್ತೀರಿ. ಹಪ್ಪಳ ಹಗುರ, ಕೆಡಲ್ಲ. ಅಪ್ಪೆಮಿಡಿಗೆ ಮಾತ್ರ ಡಬ್ಬಿ ಸೋರದ ಹಾಗೆ ನೋಡಬೇಕು.

ಏನು ಬರೀಬೇಕು ಅಂತ ಕೇಳ್ತೀರಿ. ಈಗ ನನಗೆ ಹೇಳ್ತೀರಲ್ಲ, ಅದನ್ನೇ ಬರೀರಿ. ಜೀರಿಗೆ ಪರಿಮಳದ ಮಿಡಿ ಯಾವ ಕಡೆ ಮರದ್ದು, ತೊಟ್ಟು ಉಳಿಸಿ ಯಾಕೆ ಕೊಯ್ಯಬೇಕು, ಸೊನೆ ಹಾರಿಹೋದ್ರೆ ಪರಿಮಳ ಹೇಗೆ ಕಡಿಮೆ ಆಗ್ತದೆ, ಉಪ್ಪಲ್ಲಿ ಎಷ್ಟು ದಿನ ಕೂರಬೇಕು, ಮಿಡಿ ಚಿರುಟಿಕೊಂಡ ಮೇಲೇ ಯಾಕೆ ಖಾರ ಹಾಕಬೇಕು. ಅಪ್ಪೆಮಿಡಿಗೆ ಜಿಐ, ಅಂದ್ರೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಆದ್ರೆ ಆ ಮಾನ್ಯತೆ ತಾನಾಗಿ ಯಾರಿಗೂ ಏನೂ ಹೇಳಲ್ಲ. ಹೇಳಬೇಕಾದವರು ಮಾಡೋರು. ಪೇಟೆಯಲ್ಲಿ ಸಿಗೋ ಬಾಟಲಿಗೂ ನಿಮ್ಮ ಭರಣಿಗೂ ಏನು ವ್ಯತ್ಯಾಸ ಅಂತ ನೀವು ಹೇಳದಿದ್ರೆ, ಕೊಳ್ಳೋರಿಗೆ ಕಾಣೋದು ಬೆಲೆ ಒಂದೇ. ಬರೀ ಬೆಲೆ ನೋಡಿದ್ರೆ ಕೈಯಲ್ಲಿ ಮಾಡಿದ್ದು ಯಂತ್ರದ್ದರ ಮುಂದೆ ಯಾವತ್ತೂ ಸೋಲ್ತದೆ.

ಮತ್ತೆ ಇದನ್ನೆಲ್ಲ ಕನ್ನಡದಲ್ಲೇ ಬರೀರಿ. ಇಂಗ್ಲಿಷು ಕೆಳಗೆ ಇರಲಿ, ಮೊಮ್ಮಕ್ಕಳಿಗೆ. ಗೂಗಲ್‌ನಲ್ಲಿ ಕನ್ನಡದಲ್ಲಿ ಬಾಯಿ ಬಿಟ್ಟು ಕೇಳಿ ಹುಡುಕೋ ಸೌಲಭ್ಯ 2017ರ ಆಗಸ್ಟ್‌ನಲ್ಲೇ ಬಂತು. ಬಸ್ಸಲ್ಲಿ ಕೂತ ಹೆಂಗಸರು, ಟೈಪ್ ಮಾಡೋಕೆ ಬಾರದ ಹಿರಿಯರು, ಎಲ್ಲ ಮೊಬೈಲ್ ಬಾಯಿ ಹತ್ರ ಹಿಡಿದು "ಹಲಸಿನ ಹಪ್ಪಳ ಎಲ್ಲಿ ಸಿಗ್ತದೆ" ಅಂತಾನೇ ಕೇಳ್ತಾರೆ. ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲಿ ಬರೆದವರು ಬೇಗ ಸಿಗ್ತಾರೆ. ಜಾಲತಾಣದ ವಿಳಾಸವನ್ನೇ ಕನ್ನಡ ಅಕ್ಷರದಲ್ಲಿ ಇಟ್ಕೋಬಹುದು, ಕೊನೆಯಲ್ಲಿ 'ಡಾಟ್ ಭಾರತ' ಅಂತ ಬರ್ತದೆ. ನನಗಂತೂ ಅದು ತುಂಬ ಇಷ್ಟ.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂತಿದ್ದ ಮಾತಿಗೆ ಬರ್ತೇನೆ. ನಿಮ್ಮ ಮಗಳು "ಇನ್‌ಸ್ಟಾಗ್ರಾಂ ಪೇಜ್ ಮಾಡಿಕೊಡ್ತೇನೆ, ಮತ್ತೇನೂ ಬೇಡ" ಅಂದಳಲ್ಲ, ಅಲ್ಲೇ ನನಗೂ ಅವಳಿಗೂ ಸ್ವಲ್ಪ ಭಿನ್ನಾಭಿಪ್ರಾಯ. ಪೇಜ್ ಬೇಕು. ಹಪ್ಪಳ ಎಣ್ಣೆಯಲ್ಲಿ ಅರಳೋ ವಿಡಿಯೋ ಹಾಕಿದ್ರೆ ಜನ ನೋಡ್ತಾರೆ, ಖಂಡಿತ. ಆದ್ರೆ ಅದು ಬಾಡಿಗೆ ಮನೆ ಇದ್ದಹಾಗೆ ಅಕ್ಕಾ. ಎಷ್ಟು ಚಂದ ಸುಣ್ಣ ಬಣ್ಣ ಮಾಡಿಸಿದ್ರೂ ಒಡೆಯ ಏಳು ಅಂದ ದಿನ ಏಳಬೇಕು. 2020ರ ಜೂನ್ 29ರ ರಾತ್ರಿ ಸರ್ಕಾರ 59 ಆ್ಯಪ್‌ಗಳನ್ನ ನಿಷೇಧ ಮಾಡ್ತು, ಟಿಕ್‌ಟಾಕ್ ಅದರಲ್ಲಿತ್ತು. ನಿಷೇಧಕ್ಕೆ ಕಾರಣ ಇತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದ್ರೆ ಸೀರೆ, ಬಳೆ, ಅಡುಗೆ ಅಂತ ಅದೊಂದರಲ್ಲೇ ಜನ ಕಟ್ಟಿಕೊಂಡಿದ್ದ ಸಣ್ಣವರು ಬೆಳಗಾಗೋದರೊಳಗೆ ಬರಿಗೈ ಆದ್ರು. ತಮ್ಮ ಗಿರಾಕಿಗಳ ಒಂದು ಫೋನ್ ನಂಬರೂ ಅವರ ಹತ್ರ ಇರಲಿಲ್ಲ.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಒಟ್ಟಿಗೆ ನಿಂತು ಹೋದವು, ಸುಮಾರು ಆರು ತಾಸು. ಮೂರೂ ಒಂದೇ ಕಂಪನಿಯವು ಅಂತ ಎಷ್ಟೋ ಜನರಿಗೆ ಗೊತ್ತಾಗಿದ್ದೇ ಅವತ್ತು. ಗೂಗಲ್ ಕೂಡ ಸಣ್ಣ ಅಂಗಡಿಗಳಿಗೆ ಬಿಟ್ಟಿಯಾಗಿ ಒಂದು ಪುಟದ ಜಾಲತಾಣ ಮಾಡಿಕೊಡ್ತಿತ್ತು. 2024ರ ಮಾರ್ಚ್‌ನಲ್ಲಿ ಅದನ್ನ ನಿಲ್ಲಿಸಿತು. ಚೀಲದ ಮೇಲೆ, ವಿಸಿಟಿಂಗ್ ಕಾರ್ಡಿನ ಮೇಲೆ ಆ ವಿಳಾಸ ಅಚ್ಚು ಹಾಕಿಸಿದವರು ಏನು ಮಾಡಬೇಕು?

ಅದಕ್ಕೇ ಹೇಳೋದು, ನಿಮ್ಮದೇ ಹೆಸರಿನ ಒಂದು ವಿಳಾಸ ಕೊಂಡಿಡಿ. 'ಡಾಟ್ ಇನ್' ವಿಳಾಸಕ್ಕೆ ವರ್ಷಕ್ಕೆ ಸಾಮಾನ್ಯವಾಗಿ ಸಾವಿರದೊಳಗೇ ಆಗ್ತದೆ. ಅದರಲ್ಲಿ ಒಂದೇ ಪುಟ ಇದ್ರೂ ಸಾಕು. ಏನೇನು ಮಾಡ್ತೀರಿ, ಬೆಲೆ ಎಷ್ಟು, ಯಾವ ತಿಂಗಳಲ್ಲಿ ಸಿಗ್ತದೆ, ಫೋನ್ ನಂಬರ್, ಆಹಾರ ನೋಂದಣಿಯ 14 ಅಂಕಿಯ ಸಂಖ್ಯೆ. ಇನ್‌ಸ್ಟಾಗ್ರಾಂ ನೋಡಿ ಬಂದವರನ್ನ ಆ ಪುಟಕ್ಕೆ ಕರ್ಕೊಂಡು ಬನ್ನಿ, ನಂಬರ್ ಕೇಳಿ ಬರೆದಿಟ್ಕೊಳ್ಳಿ. ಭಾವ ಅಡಿಕೆ ಲೆಕ್ಕ ಬರೀತಾರಲ್ಲ, ಅಂಥದೇ ಒಂದು ಪುಸ್ತಕ ಸಾಕು. ಆ ಪುಸ್ತಕವನ್ನ ಯಾವ ಕಂಪನಿಯೂ ನಿಲ್ಲಿಸೋಕಾಗಲ್ಲ.

ಭಾವನವರ ಹೆದರಿಕೆ ನನಗೆ ಅರ್ಥ ಆಗ್ತದೆ. "ಎಲ್ಲಾ ಕಾಣೋ ಹಾಗೆ ಇಟ್ರೆ ತೆರಿಗೆಯವರು ಬರ್ತಾರೆ" ಅಂತ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಯವರಿಗೆ ನೋಟಿಸ್ ಕೊಟ್ಟಾಗ, ಬೆಂಗಳೂರಲ್ಲಿ ಎಷ್ಟೋ ಕಡೆ ಕ್ಯೂಆರ್ ಚೀಟಿ ಕಿತ್ತು "ನಗದು ಮಾತ್ರ" ಅಂತ ಬೋರ್ಡ್ ಹಾಕಿದ್ರು. ಬೇಕರಿಯವರು, ಕಾಂಡಿಮೆಂಟ್ಸ್‌ನವರು, ತರಕಾರಿಯವರ ಆ ಗಾಬರಿ ಸುಳ್ಳಲ್ಲ. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸಾಮಾನು ಮಾರಿದ ದುಡ್ಡೂ ಆ ಲೆಕ್ಕದಲ್ಲಿ ಕೂಡಿತ್ತು. ಆದ್ರೆ ಅಡಗಿಕೊಂಡ್ರೆ ಅದು ಪರಿಹಾರ ಆಗಲ್ಲ ಅಕ್ಕಾ. ಮಿತಿ ಎಲ್ಲಿದೆ ಅಂತ ತಿಳ್ಕೊಂಡ್ರೆ ಹೆದರಿಕೆ ಅರ್ಧ ಹೋಗ್ತದೆ. ಸಾಮಾನು ಮಾರೋರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದ ಮೇಲೆ ಜಿಎಸ್‌ಟಿ ನೋಂದಣಿ. ನಿಮ್ಮದು ಅದರ ಹತ್ರಕ್ಕೂ ಇಲ್ಲ. ಹಪ್ಪಳಕ್ಕಂತೂ ಜಿಎಸ್‌ಟಿಯೇ ಇಲ್ಲ, ಉಪ್ಪಿನಕಾಯಿಗೆ ಇದೆ. ಮೊದಲು ದೊಡ್ಡ ಮಾರಾಟ ತಾಣಗಳಲ್ಲಿ ಮಾರಬೇಕು ಅಂದ್ರೆ ಎಷ್ಟು ಸಣ್ಣವರಾದ್ರೂ ನೋಂದಣಿ ಕಡ್ಡಾಯ ಇತ್ತು. 2023ರ ಅಕ್ಟೋಬರ್ 1ರಿಂದ, ರಾಜ್ಯದೊಳಗೇ ಮಾರೋ ಸಣ್ಣವರಿಗೆ ಅದನ್ನ ಸಡಿಲ ಮಾಡಿದ್ದಾರೆ, ಪ್ಯಾನ್ ಕೊಟ್ಟು ಒಂದು ಎನ್‌ರೋಲ್‌ಮೆಂಟ್ ನಂಬರ್ ತಗೊಂಡ್ರೆ ಆಯ್ತು. ಉಪ್ಪಿನಕಾಯಿ ಪುಣೆಗೋ ಮುಂಬೈಗೋ ಕಳಿಸೋ ಹಾಗಿದ್ರೆ ಮಾತ್ರ ಪೇಟೆಯ ತೆರಿಗೆ ಸಲಹೆಗಾರರನ್ನ ಒಂದು ಸಲ ಕೇಳಿಬಿಡಿ, ಹೊರರಾಜ್ಯದ ಲೆಕ್ಕ ಬೇರೆ.

ಆರ್ಡರ್ ರಾಶಿ ಬಂದ್ರೆ ಮಾಡೋದು ಹೇಗೆ ಅಂತೀರಾ? ಮಾಡೋಕಾಗಲ್ಲ ಅಂತ ಹೇಳೋದು. ಮಳೆ ಹಿಡಿದ ಮೇಲೆ ಹಪ್ಪಳ ಒಣಗಿಸೋಕಾಗಲ್ಲ, ಅದು ಎಲ್ಲರಿಗೂ ಅರ್ಥ ಆಗೋ ಮಾತು. ವಾಟ್ಸಾಪ್ ಬಿಸಿನೆಸ್‌ನಲ್ಲಿ ನಿಮ್ಮ ಸಾಮಾನಿನ ಫೋಟೊ, ಬೆಲೆ ಹಾಕೋಕೆ ಜಾಗ ಇದೆ, ತಾನಾಗಿ ಹೋಗೋ ಉತ್ತರವನ್ನೂ ಬರೆದಿಡಬಹುದು. "ಈ ವರ್ಷದ ಹಪ್ಪಳ ಮುಗೀತು, ಇನ್ನು ಏಪ್ರಿಲ್‌ಗೆ. ಮಿಡಿ ಇದೆ" ಅಂತ ಹಾಕಿ. ಇದ್ದದ್ದು ಇದ್ದ ಹಾಗೆ ಹೇಳೋರ ಮೇಲೆ ಜನಕ್ಕೆ ನಂಬಿಕೆ ಜಾಸ್ತಿ. ಹಾಕಿಟ್ಟು ಮರೆಯೋದು ಮಾತ್ರ ಬೇಡ. ಹಳೇ ಬೆಲೆ, ಎತ್ತದ ಫೋನ್, ಕಳೆದ ದೀಪಾವಳಿಯ ರಿಯಾಯಿತಿ ಇನ್ನೂ ತೋರಿಸೋ ಪುಟ ಇರೋದಕ್ಕಿಂತ ಇಲ್ಲದಿರೋದೇ ವಾಸಿ. ಯಾರಾದ್ರೂ ಖಾರ ಜಾಸ್ತಿ ಆಯ್ತು ಅಂತ ಬರೆದ್ರೆ ಸಿಟ್ಟು ಮಾಡ್ಕೋಬೇಡಿ, ಎರಡು ಸಾಲು ಉತ್ತರ ಬರೀರಿ. ಆ ಉತ್ತರ ಓದೋದು ಬರೆದವರೊಬ್ಬರೇ ಅಲ್ಲ, ಮುಂದೆ ಕೊಳ್ಳೋಕೆ ಬರೋರೂ ಓದ್ತಾರೆ.

ಸರಿ, ಭಾನುವಾರ ಬೆಳಿಗ್ಗೆ ಬರ್ತೇನೆ. ಅಂಗಳದಲ್ಲಿ ಬೆಳಕು ಚೆನ್ನಾಗಿರುವಾಗಲೇ ಫೋಟೊ ತೆಗೆಯೋಣ, ಒಳಗಿನ ಟ್ಯೂಬ್‌ಲೈಟಲ್ಲಿ ಮಿಡಿಯ ಬಣ್ಣ ಕೆಡ್ತದೆ. ಮಗಳಿಗೂ ಹೇಳಿರಿ, ಎಲ್ಲಾ ಖಾತೆ ತೆರೆಯೋದು ನಿಮ್ಮ ಹೆಸರಿನ ಇಮೇಲಿನಲ್ಲಿ, ನಿಮ್ಮ ನಂಬರಿನಲ್ಲಿ. ಅವಳದ್ದೂ ಬೇಡ, ನನ್ನದೂ ಬೇಡ, ಪೇಟೆಯ ಕಂಪ್ಯೂಟರ್ ಹುಡುಗನದ್ದಂತೂ ಬೇಡವೇ ಬೇಡ. ಆ ಹುಡುಗ ನಾಳೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ್ರೆ ಕೀಲಿಯೂ ಅವನ ಜೊತೆಗೇ ಹೋಗ್ತದೆ. ಪಾಸ್‌ವರ್ಡ್ ಆ ಲೆಕ್ಕದ ಪುಸ್ತಕದಲ್ಲಿ ಬೇಡ, ಪಾಸ್‌ಬುಕ್ಕು ಇಡೋ ಕಪಾಟಿನಲ್ಲಿ ಬೇರೆ ಹಾಳೆಯಲ್ಲಿ ಬರೆದಿಡಿ.